ಉಪ್ಪಿನಲ್ಲಿಟ್ಟ ಕಿವಿಗಳು

ಆಸ್ಪತ್ರೆಯ ಜವಾನ ಚಿಕ್ಕತಿಮ್ಮಯ್ಯ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ. ಮಂಜುಳ ಸರಿಯಲಿಲ್ಲ.

ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗಿತು. ಉಪ್ಪು, ಫಿನೈಲು, ಅವುಗಳ ಅಡಿಯಲ್ಲಿ ಹಳಸಿದ ಚರ್ಮ. ಸೆರಗನ್ನು ಬಾಯಿಗೊತ್ತಿ ಬಗ್ಗಿ ನೋಡಿದಳು.

ಕಂದು, ಕಪ್ಪು, ಬೂದು ಬಣ್ಣದ ತುಂಡುಗಳು. ಕೆಲವಕ್ಕೆ ಕೂದಲು ಇನ್ನೂ ಅಂಟಿತ್ತು. ಒಂದೊಂದರ ನಡುವೆಯೂ ಹಳದಿ ಪ್ಲಾಸ್ಟಿಕ್ಕಿನ ಓಲೆ, ಓಲೆಯ ಮೇಲೆ ನಂಬರು.

"ಏನಪಾ ಇದು?"

"ಕುರಿ ಕಿವಿ ಮೇಡಂ." ಬದನೆಕಾಯಿ ಎಂದಷ್ಟೇ ಸಲೀಸಾಗಿ ಹೇಳಿದ. "ಸಾಹೇಬ್ರು ಸುಟ್ಟಾಕು ಅಂದಿದ್ರು. ನಾನು ಉಪ್ಪಾಕಿ ಮಡಗ್ದೆ."

"ಯಾಕ?"

"ನಾಳೆ ನನ್ ತಲೆ ಮೇಲ್ ಬಂದ್ರೆ? ಬಡವ್ರು ನಾವು, ಉಷಾರಾಗಿರ್ಬೇಕಲ್ವಾ."

"ಕಿವಿಗೆ ಎಷ್ಟು ಕೊಡ್ತಿದ್ದ ನಿನಗ?"

ಅವನು ಕುತ್ತಿಗೆ ತುರಿಸಿಕೊಂಡ. "ಐವತ್ತು. ಮೊದಮೊದಲು ಮೂವತ್ತೇ." ಮೂವತ್ತೇ ಎನ್ನುವಾಗ ಅವನ ದನಿಯಲ್ಲಿ ಇನ್ನೂ ದೂರಿತ್ತು.

"ಸತ್ತ ಮ್ಯಾಲೆ ಕೊಯ್ದಿದ್ದಾ?"

"ಸತ್ತ ಕುರಿ ಕಿವೀಲಿ ರಕ್ತ ಬರಾಕಿಲ್ಲ ಮೇಡಂ," ಎಂದ ಚಿಕ್ಕತಿಮ್ಮಯ್ಯ. "ಇವುಕ್ಕೆ ಬಂದಿತ್ತು. ನಾನೇ ತಲೆ ಹಿಡ್ಕಂತಿದ್ದೆ."

ಮಂಜುಳ ರಾಯದುರ್ಗದ ಸ್ಪೆಷಲ್ ಬ್ರಾಂಚಿನ ಹೆಡ್ ಕಾನ್‌ಸ್ಟೇಬಲ್. ಅಗಳಿಯಿಂದಾಚೆಗಿನ ಕರೇಕಲ್ಲಹಟ್ಟಿಯ ಈ ದನದ ಆಸ್ಪತ್ರೆಗೆ ಅವಳನ್ನು ತಂದಿದ್ದು ಒಂದು ಹಾಳೆಯ ಅರ್ಜಿ. ಆರು ತಿಂಗಳ ಹಿಂದೆ ಇಲ್ಲಿಂದಲೇ ನಿವೃತ್ತನಾಗಿ ರಾಯದುರ್ಗದ ಮನೆ ಸೇರಿದ ಇವನ ಸಾಹೇಬ, ಪಶುವೈದ್ಯ ಡಾಕ್ಟರ್ ಪ್ರಸಾದ್ ಥಾಯ್ಲೆಂಡಿನಲ್ಲಿ ನೆಲೆಸಲು ಹೊರಟಿದ್ದ. ನಿವೃತ್ತರ ವೀಸಾಕ್ಕೆ ಅವನ ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸ್ ಪ್ರಮಾಣಪತ್ರ ಬೇಕು. ವಿಚಾರಣೆ ಮಂಜುಳಳ ಪಾಲಿಗೆ ಬಂದಿತ್ತು.

ಆ ವೀಸಾಕ್ಕೆ ಇನ್ನೊಂದು ಷರತ್ತಿದೆ. ತಿಂಗಳಿಗೆ ಅಲ್ಲಿಯ ನಾಣ್ಯದಲ್ಲಿ ಅರವತ್ತೈದು ಸಾವಿರ ಬಾಟ್ ಆದಾಯ ತೋರಿಸಬೇಕು. ಇಲ್ಲವೇ ಎಂಟು ಲಕ್ಷ ಬಾಟ್‌ನಷ್ಟು ಹಣ ಅರ್ಜಿದಾರನ ಹೆಸರಿನಲ್ಲಿ ಬ್ಯಾಂಕಿನಲ್ಲಿರಬೇಕು. ಪ್ರಸಾದನ ಪಿಂಚಣಿ ಮೊದಲನೆಯದರ ಅರ್ಧಕ್ಕೂ ಮುಟ್ಟುವುದಿಲ್ಲ. ಆದರೆ ಖಾತೆಯಲ್ಲಿ ಇಪ್ಪತ್ತು ಲಕ್ಷ ಚಿಲ್ಲರೆ ರೂಪಾಯಿ ಇತ್ತು. ಎಂಟು ಲಕ್ಷ ಬಾಟ್‌ಗೆ ಸರಿಯಾಗಿ ಅಷ್ಟೇ.

"ಕುರಿಗಾರರು ಸುಮ್ಮನ ಬಿಟ್ರಾ?"

"ಓಲೆ ಹಾಕಿರೋ ಕಿವಿಗೆ ಹುಳ ಬಿದ್ದೈತೆ, ಕೊಯ್ದೆ ಹೋದ್ರೆ ಮಂದೆಗೆಲ್ಲ ಹಬ್ತದೆ ಅಂತಿದ್ರು ಸಾಹೇಬ್ರು. ಬಿಡ್ದೆ ಏನ್ ಮಾಡ್ತಾರೆ? ಕೈ ಮುಗುದು, ಒಂದು ಟಗರುಮರೀನೂ ಕೊಟ್ಟು ಕಳ್ಸೋರು."

ಮರಿಯನ್ನೂ ತೆಗೆದುಕೊಂಡಿದ್ದ. ಮಂಜುಳ ಹೊರಗೆ ಹೋಗಿ ಹೊಂಗೆ ಮರದ ಬುಡದಲ್ಲಿ ಉಗಿದು ಬಂದಳು. ಬಾಯಿಯ ರುಚಿ ಹೋಗಲಿಲ್ಲ.

ವಿಮೆ ಮಾಡಿಸಿದ ಕುರಿ ಸತ್ತರೆ ಓಲೆ ಸಮೇತ ಕಿವಿ ತೋರಿಸಬೇಕು, ಪಶುವೈದ್ಯನ ಸಹಿ ಬೇಕು. ಎರಡೂ ಒಬ್ಬನ ಕೈಯಲ್ಲೇ ಇದ್ದವು. ಕುರಿಗೆ ಏಳು ಸಾವಿರದಂತೆ ಮೂರು ವರ್ಷ ಹಣ ಬಂದಿತ್ತು, ಅಷ್ಟೂ ನರಸಿಂಹಪ್ಪನೆಂಬ ಒಬ್ಬನೇ ಕುರಿಗಾರನ ಹೆಸರಿಗೆ. ಅವನ ಆಧಾರ್ ಕಾರ್ಡು ಓಲೆ ಹಾಕಿಸುವ ದಿನ ಡಾಕ್ಟರ ಕೈಗೆ ಹೋಗಿತ್ತು. ಆ ಕಾರ್ಡಿನಿಂದ ತೆರೆದ ಬ್ಯಾಂಕ್ ಖಾತೆಯನ್ನು ನರಸಿಂಹಪ್ಪ ಈವರೆಗೆ ಕಂಡಿಲ್ಲ. ಅದಕ್ಕೆ ಬಂದ ಹಣ ಬಂದಂತೆಯೇ ನಗದಾಗಿ ಹೊರಗೆ ಹೋಗಿತ್ತು. ಹದಿನೈದು ದಿನದ ಹಿಂದೆ ವಿಮೆಯವರು ಸಂತೆಯಲ್ಲಿ ಕಿವಿ ಇಲ್ಲದ ಅವನ ಕುರಿಗಳನ್ನು ಕಂಡು, ಸತ್ತವು ಹೇಗೆ ಬದುಕಿದವೆಂದು ದೂರು ಕೊಟ್ಟರು. ಅವನು ಜೈಲು ಸೇರಿ ಒಂಬತ್ತು ದಿನ.

ಮಂಜುಳ ಆಸ್ಪತ್ರೆಯ ರಬ್ಬರ್ ಕೈಗವಸು ತೊಟ್ಟು ಕಿವಿಗಳನ್ನು ಒಂದೊಂದಾಗಿ ತಾಡಪಾಲಿನ ಮೇಲೆ ಹರಡಿದಳು. ನಾಲ್ಕನೆಯದಕ್ಕೇ ಅವಳ ಕೈ ನಿಂತಿತು.

ಅವಳು ಡಿ. ಹಿರೇಹಾಳಿನ ಕುರಿಗಾರರ ಮನೆಯಲ್ಲಿ ಹುಟ್ಟಿದವಳು. ಮರಿಗೆ ತಿಂಗಳು ತುಂಬುವ ಮೊದಲು ಅಪ್ಪ ಓಬಳಪ್ಪ ಅದರ ಕಿವಿಗೆ ಮನೆಯ ಗುರುತು ಹಾಕುವುದನ್ನು ನೋಡಿ ಬೆಳೆದವಳು. ತುದಿಗೆ ಒಂದು ಸೀಳು, ಇಲ್ಲವೇ ಅಂಚಿಗೆ ಅರ್ಧಚಂದ್ರ, ಇಲ್ಲವೇ ಎರಡೂ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ಎಷ್ಟು ಮಂದೆ ಬೆರೆತರೂ ಯಾರ ಕುರಿ ಯಾರದೆಂದು ಜಗಳವಿಲ್ಲ. ಈ ವಿಷಯ ಡಾಕ್ಟರಿಗೆ ಗೊತ್ತಿರಲೇಬೇಕು. ಆದರೆ ಅವನು ಕಿವಿಯಲ್ಲಿ ನೋಡಿದ್ದು ಓಲೆಯನ್ನು ಮಾತ್ರ.

ಎರಡು ತಾಸು ಹಿಡಿಯಿತು. ಒಟ್ಟು ಇನ್ನೂರ ತೊಂಬತ್ತು ಕಿವಿಗಳು. ಏಳು ಗುರುತು.

ಅಂದರೆ ಏಳು ಮನೆತನದ ಕುರಿಗಳು. ನರಸಿಂಹಪ್ಪನ ಮನೆಯದು ಅರವತ್ತೊಂದು. ಉಳಿದ ಆರು ಮಂದೆಗೆ ಅವನು ಕತ್ತಿ ಹಿಡಿದು ನುಗ್ಗಿ, ಯಾರಿಗೂ ಕಾಣದಂತೆ ಕಿವಿ ಕೊಯ್ಯುವುದು ಸಾಧ್ಯವಿಲ್ಲ. ಏಳೂ ಹಟ್ಟಿಗೆ ಹೋಗಿ ಬಂದವನು ಡಾಕ್ಟರ್ ಒಬ್ಬನೇ.

ಇನ್ನೊಂದು ಲೆಕ್ಕ ಅವಳಿಗೆ ಆಗ ಹೊಳೆಯಿತು. ಇನ್ನೂರ ತೊಂಬತ್ತನ್ನು ಏಳು ಸಾವಿರದಿಂದ ಗುಣಿಸಿದರೆ ಇಪ್ಪತ್ತು ಲಕ್ಷ ಚಿಲ್ಲರೆ. ಅವನು ಕೊಯ್ಯುವುದನ್ನು ನಿಲ್ಲಿಸಿದ್ದು ಯಾರ ಭಯಕ್ಕೂ ಅಲ್ಲ. ವೀಸಾಕ್ಕೆ ಬೇಕಾದಷ್ಟು ತುಂಬಿತ್ತು, ಅಷ್ಟೆ.

ಜಿಲ್ಲೆ ಒಡೆದ ಮೇಲೆ ಈ ಹಟ್ಟಿ ಇರುವ ಮಡಕಶಿರದ ಕಡೆ ಬೇರೆ ಜಿಲ್ಲೆಯ ಪೊಲೀಸರಿಗೆ ಸೇರಿದೆ. ಇಲ್ಲಿ ಜಪ್ತಿ ಮಾಡುವ ಅಧಿಕಾರ ಅವಳಿಗಿಲ್ಲ. ಸ್ಥಳೀಯ ಎಸ್ಸೈಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆ ಬಂದು ಪಂಚನಾಮೆ ಮಾಡುತ್ತೇನೆಂದ. ಅವಳ ವರದಿ ಹೋಗಬೇಕಾದದ್ದೂ ನಾಳೆ ಸಂಜೆ ಐದಕ್ಕೆ. ಕೇಸಿನ ನಂಬರು, ಇಲ್ಲವೇ ಪಂಚನಾಮೆ ಇದ್ದರೆ ಅರ್ಜಿ ನಿಲ್ಲುತ್ತದೆ. ಬರೀ ಅನುಮಾನ ಬರೆಯಲು ಆ ಫಾರಂನಲ್ಲಿ ಜಾಗವಿಲ್ಲ.

ಒಂದು ರಾತ್ರಿಯ ಮಟ್ಟಿಗೆ ಡ್ರಮ್ಮನ್ನು ಎಲ್ಲಿಡುವುದು? ಚಿಕ್ಕತಿಮ್ಮಯ್ಯನ ಬಳಿ ಬಿಟ್ಟರೆ ಐವತ್ತರ ಜಾಗದಲ್ಲಿ ಐನೂರು ಕೊಟ್ಟವನಿಗೆ ಮಾರುತ್ತಾನೆ. ಈ ಊರಲ್ಲಿ ಆ ಕಿವಿಗಳನ್ನು ಪ್ರಾಣ ಕೊಟ್ಟು ಕಾಯುವವರು ಒಬ್ಬರೇ ಎಂದು ಅವಳಿಗೆ ತೋರಿತು. ಜೈಲಿನಲ್ಲಿರುವವನ ಹೆಂಡತಿ.

ಪಾಪಕ್ಕ ತನ್ನ ಮನೆ ಬಾಗಿಲಲ್ಲೇ ಕೂತು, ಮಂಜುಳ ತಂದಿಳಿಸಿದ ಡ್ರಮ್ಮಿಗೆ ಕೈ ಹಾಕಿದಳು. ಮೂಗು ಮುಚ್ಚಲಿಲ್ಲ. ಒಂದು ಕಿವಿಯನ್ನು ಎತ್ತಿ ಬೆರಳಿನಿಂದ ಅಂಚು ಸವರಿದಳು.

"ನಮ್ದು ಕಣಮ್ಮ. ತುದಿ ಸೀಳು, ಕೆಳ್ಗೊಂದು ಅರ್ಧಚಂದ್ರ. ನಮ್ಮ ಮಾವ ಆಕ್ತಿದ್ದ ಗುರ್ತು."

"ಉಳಿದವು ಬ್ಯಾರೆಯವ್ರವು ಅದಾವ. ಎಲ್ಲಾ ಡಾಕ್ಟ್ರು ದುಡ್ಡಿಗೆ ಕೊಯ್ದಿದ್ದು. ಅದಕ್ಕ ನಿನ್ನ ಗಂಡ ಹೊರಗ ಬರ್ತಾನ, ತಿಳೀತಿಲ್ಲ? ನಾಳೆ ಎಸ್ಸೈ ಬರೋತನಕ ಯಾರ ಕೈಗೂ ಕೊಡಬ್ಯಾಡ."

"ಬ್ಯಾರೆಯವ್ರ ಗುರ್ತಿಂದು ನಮ್ಮನೇಲಿ ಮಡಗ್ಬೌದಾ?" ಪಾಪಕ್ಕನ ಮುಖ ಬಿಗಿಯಿತು. "ಕಳ್ಳಮಾಲು ಅಂತಾರೆ ಕಣಮ್ಮ."

"ಒಂದು ರಾತ್ರಿ, ಅಷ್ಟ."

ಪಾಪಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಬಸ್ಸಿಗೆ ಹೊತ್ತಾಗಿತ್ತು. ಅವಳು ಒಪ್ಪಿದಳೆಂದುಕೊಂಡು ಮಂಜುಳ ಹೊರಟಳು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ರಾಯದುರ್ಗದಲ್ಲಿ ಡಾಕ್ಟರ್ ಪ್ರಸಾದ್ ತಾನೇ ಬಾಗಿಲು ತೆರೆದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೈಯಿಂದ ಸೋಪಿನ ಘಮ. ಕೈಗಳು ಸಣ್ಣವು, ತುಂಬ ಶುಭ್ರ.

"ಬರ್ರಿ ಮೇಡಂ, ಕುಂದರ್ರಿ. ನಮ್ಮ ಸರ್ಟಿಫಿಕೇಟ್ ತಂದ್ರೇನು?"

ಮಂಜುಳ ಕೂರಲಿಲ್ಲ. "ಡಾಕ್ಟ್ರ, ಕರೇಕಲ್ಲಹಟ್ಟಿಗೆ ಹೋಗಿದ್ದೆ."

"ಗೊತ್ತೈತ್ರಿ. ಚಿಕ್ಕತಿಮ್ಮಯ್ಯ ನೀವು ಬಸ್ ಹತ್ತೋದರಾಗ ಫೋನ್ ಮಾಡಿದ್ದ." ಅವನು ನಕ್ಕ. "ಅವ ಇಬ್ಬರ ಕಡೆನೂ ಉಣ್ಣಾಂವ. ಪಾಪ, ಸಂಸಾರಸ್ಥ."

ಮೇಜಿನ ಮೇಲೆ ವೀಸಾದ ಕಾಗದಗಳನ್ನು ಸಾಲಾಗಿ ಜೋಡಿಸಿದ್ದ. ಬ್ಯಾಂಕಿನ ಪತ್ರ, ಆರೋಗ್ಯ ವಿಮೆ, ವೈದ್ಯರ ಪ್ರಮಾಣಪತ್ರ. ಕೊನೆಯದನ್ನು ಅವಳತ್ತ ತಳ್ಳಿದ.

"ನೋಡ್ರಿ, ಕುಷ್ಠ ಇಲ್ಲ, ಕ್ಷಯ ಇಲ್ಲ, ಆನೆಕಾಲು ಇಲ್ಲ. ಎಲ್ಲಾ ಚೆಕ್ ಮಾಡ್ಯಾರ. ನಾ ಶುದ್ಧ ಅದೀನಿ."

"ಜೀವ ಇರೋ ಕುರಿ ಕಿವಿ ಕೊಯ್ದವ್ರು ನೀವು."

"ಕುರಿಗೆ ಕಿವಿ ಯಾಕ ಬೇಕ್ರಿ ಮೇಡಂ?" ನಿಜವಾಗಿಯೂ ಉತ್ತರ ಬೇಕಾದವನಂತೆ ಕೇಳಿದ. "ಹುಲ್ಲು ತಿನ್ನಾಕ ಬಾಯಿ ಇದ್ರ ಸಾಕು. ಒಂದು ಕುರಿ ಸತ್ತಿಲ್ಲ. ಒಬ್ಬ ಕುರಿಗಾರನ ರೂಪಾಯಿ ಹೋಗಿಲ್ಲ. ಹೋಗಿದ್ದು ಕಂಪನೀದು."

"ನರಸಿಂಹಪ್ಪ?"

"ಅದೊಂದು ಬ್ಯಾಸರ ಐತಿ ನನಗ." ಬಾಟಲಿಯಿಂದ ಒಂದು ತೊಟ್ಟು ಸ್ಯಾನಿಟೈಸರ್ ಅಂಗೈಗೆ ಹಾಕಿಕೊಂಡು ಬೆರಳ ಸಂದಿಗಳನ್ನು ಉಜ್ಜಿದ. "ಅದಕ್ಕ ದಾರೀನೂ ಹುಡುಕೀನಿ. ಕೇಳ್ರಿ. ಈ ಹಣ ಈಗ ಒಂದು ಪೈಸಾ ಅಲುಗಾಡಬಾರದು. ಅಲುಗಾಡಿದ್ರ ವೀಸಾ ಹೋತು. ವೀಸಾ ಆಗಲಿ, ಮರುದಿನಾನ ಕಂಪನಿಗೆ ಕಟ್ಟಿಬಿಡ್ತೀನಿ. ಅವ್ರು ರಾಜಿ ಆಗ್ತಾರ, ಅಂವ ಹೊರಗ ಬರ್ತಾನ. ನೀವು ಸರ್ಟಿಫಿಕೇಟ್ ತಡದ್ರ ಯಾರಿಗೇನು ಲಾಭ? ನಾನೂ ಹೋಗಂಗಿಲ್ಲ, ಅಂವನೂ ಬರಂಗಿಲ್ಲ."

"ಸುಳ್ಳು," ಎಂದಳು ಮಂಜುಳ. "ಆ ನಿಯಮ ನಾನೂ ಓದೀನಿ. ವರ್ಷ ವರ್ಷ ವೀಸಾ ಮುಂದುವರಿಸಬೇಕಾದ್ರ ಅಷ್ಟೂ ಹಣ ಮತ್ತ ತೋರಿಸಬೇಕು. ನೀವು ಅಲ್ಲಿ ಇರೋತನಕ ಅದು ನಿಮ್ಮ ಖಾತ್ಯಾಗ ಇರಬೇಕು. ಕಂಪನಿಗೆ ಯಾವುದರಾಗ ಕಟ್ತೀರಿ?"

ಪ್ರಸಾದ್ ಉಜ್ಜುವುದನ್ನು ನಿಲ್ಲಿಸಿದ. ಸಿಕ್ಕಿಬಿದ್ದವನ ಮುಖವಲ್ಲ ಅದು. ಜಾಣ ವಿದ್ಯಾರ್ಥಿಯನ್ನು ನೋಡುವ ಮೇಷ್ಟರ ಮುಖ.

"ಅದು ನಿಮಗ ಗೊತ್ತು, ನನಗ ಗೊತ್ತು," ಎಂದ ಮೆಲ್ಲಗೆ. "ಆಕಿಗೆ ಗೊತ್ತಿಲ್ಲ."

"ಯಾವಾಕಿಗೆ?"

ಅಷ್ಟರಲ್ಲಿ ಅವಳ ಫೋನು ಹೊಡೆಯಿತು. ಮಡಕಶಿರದ ಕಡೆಯ ಎಸ್ಸೈ. ಪಾಪಕ್ಕನ ಮನೆಗೆ ಬೀಗ ಬಿದ್ದಿದೆ, ಜಗಲಿಯ ಮೇಲೆ ಡ್ರಮ್ಮು ಇದೆ, ಒಳಗೆ ಉಪ್ಪು ಬಿಟ್ಟರೆ ಏನೂ ಇಲ್ಲ ಎಂದ. ಇಷ್ಟು ದೂರ ತನ್ನನ್ನು ಓಡಿಸಿದ್ದಕ್ಕೆ ಇನ್ನೂ ಎರಡು ಮಾತು ಅಂದು ಇಟ್ಟ.

ಮಂಜುಳ ಫೋನು ಕೆಳಗಿಳಿಸುವ ಹೊತ್ತಿಗೆ ಅಡುಗೆಮನೆಯ ಪರದೆ ಸರಿಯಿತು. ಎರಡು ಲೋಟ ಕಾಫಿ ಹಿಡಿದು ಪಾಪಕ್ಕ ನಿಂತಿದ್ದಳು.

"ಬೆಳಗಿನ ಜಾವ ನಾನ ಕಾರ್ ತಗೊಂಡು ಹೋಗಿ ಕರ್ಕೊಂಡು ಬಂದೆ," ಎಂದ ಪ್ರಸಾದ್. "ಹನ್ನೆರಡಕ್ಕ ನೋಟರಿ ಹತ್ರ ಒಂದು ಹೆಬ್ಬೆಟ್ಟು. ಕಿವಿ ನಾವ ಕೊಯ್ದಿದ್ದು, ಡಾಕ್ಟ್ರಿಗೆ ಸಂಬಂಧ ಇಲ್ಲ ಅಂತ. ಕಂಪನಿ ರಾಜಿಗೆ ಅದು ಬೇಕು ಅಂದೀನಿ."

"ಪಾಪಕ್ಕ." ಮಂಜುಳ ಅವಳೆದುರು ಹೋಗಿ ನಿಂತಳು. "ಕಿವಿ ಎಲ್ಲಿ?"

"ನಮ್ಮವು ಸುಟ್ಬುಟ್ಟೆ ಕಣಮ್ಮ." ಕಣ್ಣು ಎತ್ತಲಿಲ್ಲ. "ನಮ್ಮ ಗುರ್ತಿನ ಕಿವಿ ಸಿಕ್ರೆ ನನ್ ಗಂಡನೇ ಕೊಯ್ದವ್ನೆ ಅಂತ ಜಡ್ಜು ಬರೀತಾರೆ, ಏಳೊರ್ಸ ಆಕ್ತಾರೆ ಅಂದ್ರು ಇವ್ರು ಫೋನ್ನಾಗೆ. ಒಲೆಗಾಕ್ದೆ. ಆ ನಾತ ಇನ್ನೂ ನನ್ ತಲೆಕೂದ್ಲಾಗೆ ಐತೆ."

"ಅವು ನಿನ್ನ ಗಂಡನ್ನ ಉಳಸ್ತಿದ್ವು!"

"ನೀನೂ ಉಳಸ್ತೀನಿ ಅಂದೆ, ಇವ್ರೂ ಉಳಸ್ತೀನಿ ಅಂದ್ರು. ನಿನ್ ಕೈಲಿ ಕಾಗ್ದ ಐತೆ. ಇವ್ರ ಕೈಲಿ ದುಡ್ಡೈತೆ. ನಾನು ಯಾರ್ನ ನಂಬ್ಲಿ?"

ಪ್ರಸಾದ್ ಕಾಫಿಯ ಲೋಟ ತೆಗೆದುಕೊಂಡು ಊದಿದ. ಊದಿ, ಒಂದು ಗುಟುಕು ಹೀರಿ, ಸಕ್ಕರೆ ಸಾಲದೆಂಬಂತೆ ತುಟಿ ಸೊಟ್ಟ ಮಾಡಿದ. ಆ ತುಟಿಯನ್ನು ನೋಡಿದ ಮಂಜುಳಳಿಗೆ ನಿನ್ನೆಯ ಡ್ರಮ್ಮಿನ ವಾಸನೆ ಈ ಸೋಪಿನ ಮನೆಯಲ್ಲೂ ಬಡಿಯಿತು.

"ಉಳಿದವು?" ಎಂದು ಕೇಳಿದಳು. "ಬಾಕಿ ಆರು ಗುರುತಿನವು? ಅವನ್ನೂ ಸುಟ್ಟೇನು?"

ಪಾಪಕ್ಕ ಈಗ ತಲೆಯೆತ್ತಿದಳು. ಯಾರೋ ತನ್ನ ಮೇಲೆ ಕಳ್ಳತನ ಹೊರಿಸಿದಂತೆ.

"ಬ್ಯಾರೆಯವ್ರದ್ದು ನಾನ್ಯಾಕ್ ಸುಡ್ಲಿ? ಯಾರ್ಯಾರ ಗುರ್ತೋ ಅವ್ರವ್ರಿಗೆ ಕೊಟ್ಟು ಬಂದೆ. ಕದರಪ್ಪಣ್ಣಂಗೆ ನಲವತ್ತು, ಆಚೆ ಹಟ್ಟಿಯವ್ರಿಗೆ ಐವತ್ತೆರ್ಡು. ಸಂಜೇಲಿ ಮನೆಮನೆಗೂ ಹೋಗಿ ಕೊಟ್ಟೆ."

ಲೋಟ ಪ್ರಸಾದನ ತುಟಿಯ ಹತ್ತಿರ ನಿಂತಿತು.

"ಏನಂತ ಹೇಳಿ ಕೊಟ್ಟಿ?" ಅವನ ದನಿ ಮೊದಲ ಸಲ ತೆಳುವಾಯಿತು.

"ಇದ್ದುದ್ದೇ ಹೇಳ್ದೆ ಸ್ವಾಮಿ. ಡಾಕ್ಟ್ರು ಕೊಯ್ದಿದ್ದು ಹುಳಕ್ಕಲ್ಲ, ದುಡ್ಡಿಗೆ ಅಂತ. ಇಲ್ದಿದ್ರೆ ಕಿವಿ ನನ್ನತ್ರ ಎಂಗೆ ಬಂತು ಅಂತ ನನ್ನೇ ಕೇಳಲ್ವಾ?"

"ಅವ್ರು ಏನಂದ್ರು?"

"ಏನೂ ಅನ್ನಲಿಲ್ಲ. ಬೆಳಗಿನ ಜಾವ್ಕೇ ಮಂದೇನ ಹೆಂಗಸ್ರಿಗೆ ಒಪ್ಸಿ ಟೆಂಪೋ ಹತ್ಕೊಂಡ್ರು. ನಾವು ಊರು ಬಿಡುವಾಗ ಹಿಂದ್ಗಡೆ ಲೈಟು ಕಾಣ್ತಿತ್ತು."

ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಹಿಂದಿನ ಹಲಗೆ ಬಿಚ್ಚಿದ ಸದ್ದು. ಮಾತಿಲ್ಲ. ಒಬ್ಬೊಬ್ಬರಾಗಿ ಇಳಿಯುವ ಚಪ್ಪಲಿಗಳ ಸದ್ದು ಮಾತ್ರ.

"ಮೇಡಂ, ಬಾಗಿಲು ಹಾಕ್ರಿ," ಎಂದ ಪ್ರಸಾದ್. "ನೀವು ಪೊಲೀಸ್ ಅದೀರಿ. ನನ್ನ ಕಾಯೋದು ನಿಮ್ಮ ಡ್ಯೂಟಿ."

ಅದು ನಿಜವಾಗಿತ್ತು. ಮಂಜುಳ ಠಾಣೆಗೆ ಫೋನು ಮಾಡಿ ಮೂರು ಮಾತಿನಲ್ಲಿ ಜನ ಕಳಿಸಿರೆಂದು ಹೇಳಿ, ಹೊರಬಂದು, ಬಾಗಿಲನ್ನು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಹದಿನಾರು ಜನ. ಎಲ್ಲರ ಕೈಯಲ್ಲೂ ಟವೆಲ್ಲಿನ ಗಂಟು. ಮುಂದೆ ನಿಂತ ಮುದುಕ ಬಿಳಿ ಮೀಸೆಯ ಕದರಪ್ಪನೇ ಇರಬೇಕು. ಅವನ ಇನ್ನೊಂದು ಕೈಯಲ್ಲಿ ಮರಿಗಳ ಕಿವಿಗೆ ಗುರುತು ಹಾಕುವ ಸಣ್ಣ ಕತ್ತಿ.

"ಸರ್ಕಂಡ್ ನಿಂತ್ಕ ತಾಯಿ," ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ಕೊಲ್ಲಾಕೆ ಬಂದಿಲ್ಲ. ನಮ್ಮವು ಇನ್ನೂರಿಪ್ಪತ್ತೊಂಬತ್ತು ತಗಂಡವ್ನೆ. ನಾವು ಒಂದು ತಗಂಡ್ ಹೋಗ್ತೀವಿ. ಎಡಗಿವಿ."

"ಯಜಮಾನ, ಕತ್ತಿ ಕೆಳಗ ಹಾಕು. ಆ ಗಂಟೆಲ್ಲಾ ನನ್ನ ಕೈಗೆ ಕೊಡು. ಹದಿನಾರು ಜನ ಹೇಳಿಕೆ ಕೊಟ್ರ ಅಂವ ಊರು ಬಿಡಂಗಿಲ್ಲ. ಕಿವಿ ಕೊಯ್ದ್ರ ನೀನು ಜೈಲಿಗೆ, ಅಂವ ಆಸ್ಪತ್ರಿಗೆ. ನರಸಿಂಹಪ್ಪ ಅಲ್ಲೇ."

"ನಮ್ಮ ಕುರಿ ಅರಚ್ತಿದ್ವು ಕಣವ್ವ," ಎಂದ ಕದರಪ್ಪ. "ನಾನು ಅದ್ರ ಬಾಯಿ ಮುಚ್ಚಿ, ಡಾಕ್ಟ್ರು ದೇವ್ರು ಸುಮ್ಕಿರು ಅಂದಿದ್ದೆ."

ಕತ್ತಿ ಹಿಡಿದ ಕೈ ಸ್ವಲ್ಪ ಇಳಿಯಿತು. ಇನ್ನೊಂದು ನಿಮಿಷ ಸಿಕ್ಕಿದ್ದರೆ ಅವನು ಅದನ್ನು ಕೆಳಗಿಡುತ್ತಿದ್ದನೇನೋ.

ಮನೆಯ ಹಿಂದೆ ಕಾರು ಸ್ಟಾರ್ಟ್ ಆಯಿತು.

ಮಂಜುಳ ಬಾಗಿಲು ನೂಕಿ ಒಳಗೆ ಓಡಿದಳು. ಮೇಜು ಬರಿದಾಗಿತ್ತು. ಒಂದೂ ಕಾಗದವಿರಲಿಲ್ಲ. ಅಡುಗೆಮನೆ ದಾಟಿ ಹಿಂಬಾಗಿಲು ತಳ್ಳಿದಳು. ಅಲುಗಲಿಲ್ಲ. ಹೊರಗಿನಿಂದ ಚಿಲಕ ಬಿದ್ದಿತ್ತು.

ಪಕ್ಕದ ಕಿಟಕಿಗೆ ಮುಖ ಒತ್ತಿದಳು. ಪ್ರಸಾದ್ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದ. ಹಿಂಬಾಗಿಲ ಚಿಲಕದ ಮೇಲೆ ಇನ್ನೂ ಇದ್ದ ಕೈಯಲ್ಲಿ ಬಳೆಗಳಿದ್ದವು.

"ಪಾಪಕ್ಕ, ತೆಗಿ! ಅಂವ ಹೇಳಿದ್ದು ಸುಳ್ಳು. ಆ ಹಣ ಅಂವ ಎಂದಿಗೂ ಕಟ್ಟಂಗಿಲ್ಲ!"

ಪಾಪಕ್ಕ ಕಿಟಕಿಯ ಸರಳಿನ ಹತ್ತಿರ ಬಂದಳು. ಕೂದಲಿನಿಂದ ಸುಟ್ಟ ಚರ್ಮದ ನಾತ ಬಂತು.

"ಕೇಳಿಸ್ಕಂಡೆ ಕಣಮ್ಮ, ಪರದೆ ಹಿಂದೆ ನಿಂತು. ಇವ್ನು ನಿಂಗೆ ಹೇಳಿದ್ದೆಲ್ಲ ಕೇಳಿಸ್ಕಂಡೆ. ಇವ್ನ ಲೆಕ್ಕ ನಾನ್ ನೋಡ್ಕಂತೀನಿ," ಎಂದಳು ಪಿಸುದನಿಯಲ್ಲಿ.

ಆಮೇಲೆ ಸೊಂಟದ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಹೋಗಿ ಡಾಕ್ಟರ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.